ಕೀರ್ತನೆಯೊಳಗಿನ ನೀರು

ಸ್ಟೀಲ್ ಲೋಟದ ಅಂಚು ಒಂದು ಕಡೆ ನೆಗ್ಗಿತ್ತು. ಅವರು ಅದನ್ನು ಎಡಗೈಯಲ್ಲೇ ಮೆಲ್ಲಗೆ ತಿರುಗಿಸಿ, ನೆಗ್ಗಿದ ಭಾಗ ಆಚೆ ಹೋದ ಮೇಲೆ ಮಾತ್ರ ತುಟಿಗೆ ತಾಗಿಸಿದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

“ಇನ್ನೂ ಬೇಕಾ ಸರ್?” ಎಂದು ಕೇಳಿದೆ.

“ಅದೇ,” ಎಂದರು.

“ಸಾಕಾ?”

“ಅದೇ.” ಈ ಸಲ ಹುಬ್ಬು ಗಂಟಿಕ್ಕಿತು. ಸಾಕು ಎಂದು ಅರ್ಥ.

ನಾನು ಸ್ಪೀಚ್ ಥೆರಪಿಸ್ಟ್. ಮಧುರವಾಡದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕ್ಲಿನಿಕ್ ಇದೆ. ಅವರು ಗದಗಿನ ಕಡೆಯವರು. ಬ್ಯಾಂಕ್ ಅಧಿಕಾರಿಯಾಗಿ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು, ಇಲ್ಲಿಯ ತೆಲುಗು ಹೆಣ್ಣುಮಗಳನ್ನು ಮದುವೆಯಾಗಿ, ನಿವೃತ್ತಿಯ ನಂತರವೂ ಇಲ್ಲೇ ಉಳಿದಿದ್ದರು. ಪಾರ್ಶ್ವವಾಯು ಅವರ ಬಲಗೈಯ ಶಕ್ತಿಯನ್ನೂ ಮಾತನ್ನೂ ಒಟ್ಟಿಗೆ ತೆಗೆದುಕೊಂಡಿತ್ತು. ಬುದ್ಧಿಗೆ ಏನೂ ಆಗಿರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೊರಗೆ ಬರುತ್ತಿದ್ದದ್ದು ಮಾತ್ರ ‘ಅದೇ’ ಎಂಬ ಒಂದೇ ಪದ. ಇಂಥ ರೋಗಿಗಳಲ್ಲಿ ಹೀಗೆ ಒಂದು ಪದ ಉಳಿದುಬಿಡುವುದುಂಟು. ಹಸಿವಿಗೂ ಸಿಟ್ಟಿಗೂ ನಗುವಿಗೂ ಅದೊಂದನ್ನೇ ಬೇರೆ ಬೇರೆ ರಾಗದಲ್ಲಿ ಬಳಸುತ್ತಾರೆ.

ಜೊತೆಗೆ ಬಂದಿದ್ದ ಮಗಳು ಅಚ್ಯುತಾಪುರಂನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಪ್ಪನ ಹತ್ತಿರ ಮಾತ್ರ ಕನ್ನಡ, ಉಳಿದಿದ್ದೆಲ್ಲ ತೆಲುಗು.

“ಮೇಡಂ, ಬೇಸಿಗೆಯಲ್ಲಿ ವಿಜಯವಾಡದಲ್ಲಿ ನನ್ನ ಮದುವೆ. ಚರ್ಚಲ್ಲಿ ಅಯ್ಯಗಾರು ಕೇಳ್ತಾರಲ್ಲ, ಈ ಹುಡುಗಿಯನ್ನ ಕೊಡೋರು ಯಾರು ಅಂತ? ಅದಕ್ಕೆ ಅಪ್ಪನೇ ಉತ್ತರ ಹೇಳಬೇಕು. ಬೇರೇನೂ ಬೇಡ ನನಗೆ.”

ಇಲ್ಲಿಯ ಕ್ರೈಸ್ತರು ಸಭಾಪಾಲಕರನ್ನು ಅಯ್ಯಗಾರು ಎಂದೇ ಕರೆಯುವುದು. ಮಗಳ ಮಾತು ಮುಗಿಯುವ ಮೊದಲೇ ಅವರು ಎಡ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದರು. “ಅದೇ,” ಎಂದರು, ಬಹಳ ಮೆತ್ತಗೆ.

ಮನೆಯ ಮಾತು ತೆಲುಗು ಎಂದು ತೆಲುಗಿನಲ್ಲೇ ಶುರು ಮಾಡಿದೆ. ಚಮಚದ ಚಿತ್ರ ತೋರಿಸುವುದು, ಪದದ ಮೊದಲ ಧ್ವನಿಯನ್ನು ನನ್ನ ತುಟಿಯಲ್ಲಿ ಮಾಡಿ ತೋರಿಸುವುದು, ಎಡಗೈಯಿಂದ ಮೇಜು ತಟ್ಟಿಸುತ್ತ ಪದವನ್ನು ಎಳೆದೆಳೆದು ಹೇಳಿಸುವುದು. ತಟ್ಟುವುದನ್ನು ಕಲಿತರು. ಪದ ಬರಲಿಲ್ಲ. ವಾರಗಳು ಹೋದವು. ಚಿತ್ರದ ಕಾರ್ಡುಗಳನ್ನು ಕಂಡರೆ ಮುಖ ತಿರುಗಿಸುವಷ್ಟು ಬೇಸರ ಹತ್ತಿತು ಅವರಿಗೆ. ನನಗೂ ಹತ್ತಿತ್ತು, ತೋರಿಸಿಕೊಳ್ಳಲಿಲ್ಲ.

ರೋಗಿಯ ಮನೆಯ ದಿನಚರಿಯನ್ನು ಕಣ್ಣಾರೆ ನೋಡದೆ ಮುಂದೆ ಹೋಗಬಾರದು ಎನ್ನಿಸಿ ಒಂದು ಸಂಜೆ ದುವ್ವಾಡದ ಹತ್ತಿರ ಅವರ ಫ್ಲಾಟಿಗೆ ಹೋದೆ. ದೀಪ ಹಚ್ಚುವ ಹೊತ್ತಿಗೆ ಕುಟುಂಬ ಪ್ರಾರ್ಥನೆ. ಮೊದಲೆಲ್ಲ ಅವರೇ ನಡೆಸುತ್ತಿದ್ದರಂತೆ, ಕನ್ನಡದಲ್ಲಿ. ಕಾಯಿಲೆ ಬಿದ್ದ ಮೇಲೆ ಹೆಂಡತಿ ತೆಲುಗಿನಲ್ಲಿ ನಡೆಸುತ್ತಿದ್ದರು. ಆ ದಿನ ನಾನು ಕನ್ನಡದವಳೆಂದು ಮಗಳು ಅಪ್ಪನ ಹಳೆಯ ಕನ್ನಡ ಬೈಬಲ್ ತೆಗೆದು ಇಪ್ಪತ್ತಮೂರನೆಯ ಕೀರ್ತನೆಯನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದತೊಡಗಿದಳು. ದೇವರೇ ನನ್ನ ಕುರುಬ ಎನ್ನುವ ಮೊದಲ ಸಾಲಿಗೆ ಬರುವಷ್ಟರಲ್ಲಿ ಇನ್ನೊಂದು ಧ್ವನಿ ಸೇರಿಕೊಂಡಿತು. ದಪ್ಪ, ತುಸು ಒಡಕು ಗಂಡುಧ್ವನಿ. ಮಗಳು ತಪ್ಪಿ ನಿಂತಲ್ಲಿ ಆ ಧ್ವನಿ ನಿಲ್ಲಲಿಲ್ಲ. ಹಸುರು ಗಾವಲು, ನೀರು, ದಾರಿ, ಕತ್ತಲ ಕಣಿವೆ, ಕೋಲು, ಎಣ್ಣೆ, ತುಂಬಿ ಚೆಲ್ಲುವ ಪಾತ್ರೆ, ಎಲ್ಲವನ್ನೂ ದಾಟಿ ಕೊನೆಯವರೆಗೂ ಹೋಯಿತು.

ಹೆಂಡತಿ ನೆಲಕ್ಕೆ ಮಂಡಿಯೂರಿಬಿಟ್ಟರು. “ಸ್ತೋತ್ರಂ ಪ್ರಭುವಾ! ಮೇಡಂ ಗಾರು, ಕೇಳಿದಿರಾ? ಮಾತು ಬಂತು! ನಮ್ಮ ಯಜಮಾನರಿಗೆ ಮಾತು ಬಂತು!”

ನನ್ನ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರ ಎದುರು ಲೋಟ ಹಿಡಿದು “ಇದೇನು ಸರ್?” ಎಂದು ಕೇಳಿದಾಗ ಬಂದದ್ದು ‘ಅದೇ’.

ಬಾಲ್ಯದಿಂದ ಬಾಯಿಪಾಠವಾದದ್ದು ಮೆದುಳಿನಲ್ಲಿ ಬೇರೆ ದಾರಿಯಲ್ಲಿ ಓಡುತ್ತದೆ. ಒಂದು ಎರಡು ಎಣಿಸುವುದು, ವಾರದ ಹೆಸರು, ಹಾಡು, ಪ್ರಾರ್ಥನೆ, ಇವು ಮಾತು ಹೋದವರಲ್ಲೂ ಉಳಿಯಬಹುದು. ಅದು ಶುಭಸೂಚನೆ, ಮಾತಲ್ಲ. ಹೆಂಡತಿಗೆ ಇದನ್ನೇ ಹೇಳಿದೆ.

ಆಕೆ ನನ್ನ ಕೈ ಹಿಡಿದುಕೊಂಡರು. ಪ್ರಾರ್ಥನೆಯ ಹೊತ್ತಿಗೆ ನಾನೂ ತಲೆಗೆ ಸೆರಗು ಹೊದ್ದದ್ದನ್ನು ಗಮನಿಸಿದ್ದರು. “ನೀವೂ ವಿಶ್ವಾಸಿಯೇ ಅಲ್ಲವೇನಮ್ಮಾ? ದೇವರು ಮುಟ್ಟಿದ್ದಕ್ಕೆ ಮತ್ತೆ ಟೆಸ್ಟ್ ಮಾಡುತ್ತೀರಾ?”

ಮುಂದಿನ ವಾರ ಕ್ಲಿನಿಕ್‌ಗೆ ಬರಲಿಲ್ಲ. ಗುಣವಾದ ಮೇಲೂ ಚಿಕಿತ್ಸೆಗೆ ಹೋದರೆ ಅದು ಅವಿಶ್ವಾಸ ಎಂದು ಹೆಂಡತಿ ನಿರ್ಧರಿಸಿದ್ದರು. ಭಾನುವಾರ ಅವರ ಚರ್ಚಿನ ಸಭೆಯಲ್ಲಿ ಸಾಕ್ಷಿ ಎಂದು ಮಗಳು ಫೋನ್ ಮಾಡಿದಳು. ನಮ್ಮಲ್ಲಿ ದೇವರಿಂದ ಉಪಕಾರ ಪಡೆದವರು ಸಭೆಯ ಮುಂದೆ ನಿಂತು ಅದನ್ನು ಹೇಳುವ ರೂಢಿಯಿದೆ. ಹೋಗಿ ಹೆಂಗಸರ ಸಾಲಿನ ಕೊನೆಯಲ್ಲಿ ಕುಳಿತೆ.

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಊರುಗೋಲು ಹಿಡಿದು ನಿಂತು ಅವರು ಕೀರ್ತನೆಯನ್ನು ಪೂರ್ತಿ ಹೇಳಿದರು. ಚಪ್ಪಾಳೆ ಬಿತ್ತು. ಸಭಾಪಾಲಕರು ಒಳ್ಳೆಯವರು, ಮಾತುಗಾರರು, ಆ ಗಳಿಗೆಯಲ್ಲಿ ಬಹಳ ಸಂತೋಷದಲ್ಲಿದ್ದರು. ಮೈಕನ್ನು ಮತ್ತೆ ಅವರ ಬಾಯಿಯ ಹತ್ತಿರ ಹಿಡಿದರು. “ಈಗ ನಿಮ್ಮ ಸ್ವಂತ ಮಾತಿನಲ್ಲಿ ಹೇಳಿ ಅಣ್ಣಾ, ಪ್ರಭು ನಿಮಗೆ ಏನು ಮಾಡಿದರು?”

“ಅದೇ,” ಎಂದರು. “ಅದೇ… ಅದೇ… ಅದೇ.”

ಸಭೆ ‘ಆಮೆನ್’ ಎಂದಿತು, ಪ್ರೀತಿಯಿಂದಲೇ. ಅವರು ಮೈಕನ್ನು ಎಡಗೈಯಿಂದ ಸರಿಸಿ, ಯಾರ ಮುಖವನ್ನೂ ನೋಡದೆ ಬಂದು ಕುಳಿತರು. ಆ ಸಂಜೆಯಿಂದ ಕೀರ್ತನೆಯೂ ನಿಂತಿತು. ಪ್ರಾರ್ಥನೆಯ ಹೊತ್ತಿಗೆ ಎದ್ದು ಬಾಲ್ಕನಿಗೆ ಹೋಗುತ್ತಿದ್ದರಂತೆ. ‘ಅದೇ’ ಕೂಡ ಇಲ್ಲವೆಂದು ಮಗಳು ಫೋನಿನಲ್ಲಿ ಅತ್ತಳು. “ಮದುವೆಯಲ್ಲಿ ಅಪ್ಪನ ಬದಲು ಕಾಕಾ ನಿಲ್ಲಲಿ ಅಂತಿದ್ದಾರೆ ಎಲ್ಲರೂ. ಗದಗಿಂದ ಬಂದಿದ್ದಾರೆ. ಅಯ್ಯಗಾರೂ ನಾಳೆ ಬರ್ತಾರೆ ಮಾತಾಡೋಕೆ. ನೀವು ಬರ್ತೀರಾ ಮೇಡಂ?”

ಕ್ಲಿನಿಕ್‌ನಲ್ಲಿ ನನಗೊಂದು ನಿಯಮವಿದೆ: ನನ್ನ ನಂಬಿಕೆಯನ್ನು ಮೇಜಿನ ಮೇಲೆ ಇಡುವುದಿಲ್ಲ. ನನ್ನಲ್ಲಿಗೆ ಎಲ್ಲ ಧರ್ಮದವರೂ ಬರುತ್ತಾರೆ. ಕಷ್ಟದಲ್ಲಿರುವವರಿಗೆ ನನ್ನ ದೇವರ ಬಗ್ಗೆ ಹೇಳುವುದು ಸರಿಯಲ್ಲ. ಬ್ಯಾಗಿನಲ್ಲಿ ಪುಟ್ಟ ಬೈಬಲ್ ಇರುತ್ತದೆ, ಬಸ್ಸಿನಲ್ಲಿ ಓದಿಕೊಳ್ಳುತ್ತೇನೆ, ಅಷ್ಟೇ. ಆದರೆ ಈ ಮನೆಯಲ್ಲಿ ಚಿಕಿತ್ಸೆಗೆ ಅಡ್ಡ ನಿಂತದ್ದೇ ದೇವರ ವಾಕ್ಯ. ಅದನ್ನು ಬಿಟ್ಟು ಉಳಿದ ಪಾಠವನ್ನಷ್ಟೇ ಹೇಳಿ ಬರಲು ಸಾಧ್ಯವಿರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಮಾರ್ಕನ ಸುವಾರ್ತೆ ತೆಗೆದೆ. ಹುಡುಕುತ್ತಿದ್ದ ಜಾಗ ನನಗೆ ಗೊತ್ತಿತ್ತು.

ಹಾಲ್‌ನಲ್ಲಿ ಎಲ್ಲರೂ ಕುಳಿತಿದ್ದರು. ಅವರು ಕಿಟಕಿಯ ಪಕ್ಕ, ಬೆನ್ನು ನಮ್ಮ ಕಡೆಗೆ. ತಮ್ಮ, ಅಂದರೆ ಮಗಳ ಕಾಕಾ, ಉತ್ಸಾಹದ ಮನುಷ್ಯ.

“ನೋಡ್ರಿ ಮೇಡಂ, ಮೋಶೆಗೂ ಮಾತು ತೊದಲ್ತಿತ್ತು. ದೇವ್ರು ಏನ್ ಮಾಡಿದ? ಅವನ ಪರ ಮಾತಾಡಾಕ ಆರೋನನ್ನ ಕೊಟ್ಟ. ಅಣ್ಣಗ ಆರೋನ ನಾ ಅದೀನಿ. ಒಂದ್ ಮಾತು ಅಲ್ಲೇನ್ರಿ, ನಾ ಹೇಳಿದ್ರೇನು, ಅಂವ ಹೇಳಿದ್ರೇನು?”

“ಚಂದ ಹೇಳಿದಿರಿ,” ಎಂದರು ಸಭಾಪಾಲಕರು. “ಅಣ್ಣನಿಗೆ ಇನ್ನೊಮ್ಮೆ ನೋವು ಮಾಡುವುದು ಬೇಡ. ಆಗಬೇಕಾದ ಗುಣ ಆಗಿದೆ, ಕೀರ್ತನೆ ಹೇಳಿದರಲ್ಲ. ಇನ್ನು ಆತನ ಚಿತ್ತ.”

ಕಿಟಕಿಯ ಕಡೆಯಿಂದ ಊರುಗೋಲು ನೆಲಕ್ಕೆ ಒಮ್ಮೆ ಗಟ್ಟಿಯಾಗಿ ಬಡಿಯಿತು. ಅವರು ತಿರುಗಲಿಲ್ಲ.

“ಅಯ್ಯಗಾರು,” ಎಂದೆ. ಇಂಥ ಕಡೆ ನನ್ನ ಧ್ವನಿ ಸಾಮಾನ್ಯವಾಗಿ ಏಳುವುದಿಲ್ಲ. “ಬೇತ್ಸಾಯಿದದ ಕುರುಡನ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯೇಸು ಅವನನ್ನು ಊರ ಹೊರಗೆ ಕರೆದುಕೊಂಡು ಹೋಗಿ ಮುಟ್ಟಿದರು. ಮುಟ್ಟಿ ಏನು ಮಾಡಿದರು?”

“ಏನಾದರೂ ಕಾಣುತ್ತಿದೆಯೇ ಎಂದು ಕೇಳಿದರು.”

“ಟೆಸ್ಟ್ ಮಾಡಿದರು,” ಎಂದೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. “ಅವನು ಏನು ಹೇಳಿದ? ಎಲ್ಲಾ ಸರಿಹೋಯಿತು ಅನ್ನಲಿಲ್ಲ. ಜನರು ಕಾಣುತ್ತಿದ್ದಾರೆ, ಆದರೆ ನಡೆದಾಡುವ ಮರಗಳ ಹಾಗೆ ಎಂದ. ಅವನನ್ನು ಯಾರೂ ಅವಿಶ್ವಾಸಿ ಅನ್ನಲಿಲ್ಲ. ಯೇಸು ಎರಡನೆಯ ಸಲ ಕೈಯಿಟ್ಟರು. ಸರ್‌ಗೆ ಈಗ ಮಾತು ಮರಗಳ ಹಾಗೆ ಕಾಣುತ್ತಿದೆ. ನಾವು ಅಲ್ಲಿಗೇ ನಿಲ್ಲಿಸಿ ಊರಿನ ಮಧ್ಯೆ ಕರೆತಂದು ನಿಲ್ಲಿಸಿದೆವು.”

ಸಭಾಪಾಲಕರು ಎದ್ದು ಕಿಟಕಿಯ ಹತ್ತಿರ ಹೋಗಿ, ಅವರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, “ಅಣ್ಣಾ, ನನ್ನನ್ನು ಕ್ಷಮಿಸಿ,” ಎಂದರು. “ಇನ್ನೊಂದು ಸಲ ಪ್ರಯತ್ನ ಮಾಡುತ್ತೀರಾ?”

ಅವರು ನನ್ನ ಕಡೆ ನೋಡಿದರು. ಎಡಗೈ ಎದೆಗೆ ಹೋಯಿತು. “ಅದೇ.”

“ಹಂಗಾರ ಆರೋನಗ ರಜಾ,” ಎಂದು ಕಾಕಾ ನಕ್ಕರು.

ಕೀರ್ತನೆಯನ್ನು ಬಿಡುವುದಲ್ಲ, ಒಡೆಯುವುದು ಎಂದು ಆಗಲೇ ನಿರ್ಧರಿಸಿದ್ದೆ. ತೆಲುಗಿನ ಚಿತ್ರಕಾರ್ಡುಗಳನ್ನು ಕಪಾಟಿಗೆ ಸೇರಿಸಿದೆ. ಅವರ ಬಾಯಿ ಇನ್ನೂ ಓಡಬಲ್ಲ ಒಂದೇ ದಾರಿ ಆ ಆರು ವಚನಗಳಲ್ಲಿತ್ತು, ಕನ್ನಡದಲ್ಲಿತ್ತು. ಮತ್ತು ಆ ದಾರಿಯಲ್ಲಿ ದಿನಬಳಕೆಯ ಸಾಮಾನುಗಳೇ ಬಿದ್ದಿದ್ದವು: ನೀರು, ಕೋಲು, ಎಣ್ಣೆ, ಪಾತ್ರೆ.

ಕ್ಲಿನಿಕ್‌ನ ಮೇಜಿನ ಮೇಲೆ ಇವನ್ನೆಲ್ಲ ಟವೆಲ್ ಹೊದಿಸಿ ಇಟ್ಟೆ. ಮೊದಲು ಇಬ್ಬರೂ ಒಟ್ಟಿಗೆ, ನಿಧಾನವಾಗಿ, ಎಡಗೈ ತಟ್ಟುತ್ತ ಹೇಳುವುದು. ನೀರಿನ ಸಾಲು ಬಂದಾಗ ನಾನು ಆ ಪದಕ್ಕೆ ಮುಂಚೆಯೇ ಬಾಯಿ ಮುಚ್ಚಿ, ಟವೆಲ್ಲಿನ ಕೆಳಗಿಂದ ಲೋಟ ಎತ್ತುತ್ತಿದ್ದೆ. ಪದವನ್ನು ಅವರೊಬ್ಬರೇ ಹೇಳಬೇಕು, ಲೋಟವನ್ನು ನೋಡುತ್ತ. ಹೇಳಿದ ತಕ್ಷಣ ಕುಡಿಯಬೇಕು. ಹೀಗೆ ಪದ ಬಾಯಿಪಾಠದಿಂದ ಬಿಡಿಸಿಕೊಂಡು ನೀರಿಗೆ ಅಂಟಿಕೊಳ್ಳಲಿ ಎಂಬುದು ಉದ್ದೇಶ.

ಅಂಟಿಕೊಂಡಿತು, ಆದರೆ ವಿಚಿತ್ರವಾಗಿ. ಮಗಳು ಫೋನ್ ಮಾಡಿದಳು. “ಮೇಡಂ, ಅಪ್ಪನಿಗೆ ಬಾಯಾರಿಕೆ ಆದರೆ ಕುರುಬನಿಂದ ಶುರು ಮಾಡ್ತಾರೆ! ಗಾವಲು ದಾಟಿ ನೀರಿಗೆ ಬಂದು ನಿಲ್ತಾರೆ, ಬೆರಳು ತೋರಿಸ್ತಾರೆ. ಎಣ್ಣೆ ಬೇಕಾದರೆ ಐದನೇ ವಚನದವರೆಗೆ ಕಾಯಬೇಕು. ನಿನ್ನೆ ಅಮ್ಮ ದೋಸೆ ಹಂಚು ಒಲೆ ಮೇಲಿಟ್ಟು ಕಾದೂ ಕಾದೂ ನಕ್ಕುಬಿಟ್ಟಳು.”

“ಸರ್ ಏನು ಮಾಡಿದರು?”

“ಅವರೂ ನಕ್ಕರು ಮೇಡಂ.” ಕಾಯಿಲೆಯ ನಂತರ ಅವರು ನಕ್ಕದ್ದು ಅದೇ ಮೊದಲಿರಬೇಕು.

ಕೀರ್ತನೆಯ ಬಂಡಿ ಹೊರಟ ಮೇಲೆ ಮಧ್ಯದಲ್ಲಿ ಹತ್ತಲು ಅವರಿಗೆ ಬರುತ್ತಿರಲಿಲ್ಲ. ಅದಕ್ಕೆ ಇನ್ನೊಂದು ಉಪಾಯ ಹೂಡಿದೆ. ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು, ತುಟಿ ಮುಚ್ಚಿ. ಬೇಕಾದ ಪದ ಬಂದಾಗ ಊರುಗೋಲಿನಿಂದ ನೆಲ ತಟ್ಟಿ, ಅದೊಂದನ್ನೇ ಹೊರಗೆ ಬಿಡುವುದು. ಮನೆಯವರಿಗೆ ಒಂದೇ ಕಟ್ಟಳೆ: ಯಾರೂ ಪದವನ್ನು ಮುಗಿಸಿಕೊಡಬಾರದು, ಕಾಯಬೇಕು. ಹೆಂಡತಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ಗಂಡನ ತುಟಿ ಅಲುಗಿದರೆ ಲೋಟ ತಂದಿಡುವ ಪ್ರೀತಿ ಅವರದು. “ಬಾಯಲ್ಲಿ ಸೆರಗು ತುರುಕಿಕೊಂಡು ನಿಲ್ಲುತ್ತೇನೆ ಮೇಡಂ ಗಾರು,” ಎಂದರು. ನಿಜಕ್ಕೂ ಹಾಗೆಯೇ ನಿಂತದ್ದನ್ನು ನೋಡಿದ್ದೇನೆ.

ಒಂದು ಮಧ್ಯಾಹ್ನ ಅವರು ಕ್ಲಿನಿಕ್‌ನ ಮೆಟ್ಟಿಲು ಹತ್ತಿ ಬಂದು, ಕುಳಿತು, ಬೆವರು ಒರೆಸಿಕೊಂಡು, ಕೋಲು ತಟ್ಟಿ, “ನೀರು,” ಎಂದರು. ನಾನು ಇನ್ನೂ ಏನನ್ನೂ ಕೇಳಿರಲಿಲ್ಲ. ಟವೆಲ್ ಸರಿಸಿರಲಿಲ್ಲ. ಲೋಟ ಕೊಡುವ ಅವಸರದಲ್ಲಿ ಮೇಜಿನ ಮೇಲೆ ಒಂದಿಷ್ಟು ಚೆಲ್ಲಿದೆ. ಅವರು ಚೆಲ್ಲಿದ್ದನ್ನೂ ನನ್ನನ್ನೂ ನೋಡಿ ಹುಬ್ಬೇರಿಸಿದರು.

ಉಳಿದದ್ದು ಮದುವೆಯ ಉತ್ತರ. ಅದಕ್ಕೆ ‘ನಾನು’ ಎಂಬ ಒಂದು ಪದ ಸಾಕಿತ್ತು. ಕತ್ತಲ ಕಣಿವೆಯ ವಚನ ಆ ಪದದಿಂದಲೇ ಶುರುವಾಗುತ್ತದೆ. ಆದರೆ ನೀರನ್ನು ಲೋಟದಲ್ಲಿ ತೋರಿಸಬಹುದು, ‘ನಾನು’ ಎಂಬುದನ್ನು ಯಾವ ಟವೆಲ್ಲಿನ ಕೆಳಗಿಂದ ಎತ್ತುವುದು? ಕನ್ನಡಿ ತಂದಿಟ್ಟೆ; ಅವರಿಗೆ ತಮ್ಮ ಓರೆಯಾದ ತುಟಿ ನೋಡುವುದು ಇಷ್ಟವಾಗಲಿಲ್ಲ, ಕನ್ನಡಿಯನ್ನು ಮಗುಚಿ ಇಟ್ಟರು. ಸಭಾಪಾಲಕರು ಕ್ಲಿನಿಕ್‌ಗೇ ಬಂದು ನಿಂತು, “ಈ ಹುಡುಗಿಯನ್ನು ಕೊಡುವವರು ಯಾರು?” ಎಂದು ಕೇಳಿದರು. ಕೋಲು ತಟ್ಟಿತು. “ನೀರು,” ಎಂದರು. ಮಗಳು ನಗಲೂ ಆರದೆ ಅಳಲೂ ಆರದೆ ಹೊರಗೆ ಓಡಿದಳು. ಮತ್ತೆ ಕೇಳಿದರೂ ನೀರೇ.

ಆಗ ನೆನಪಾದದ್ದು ಅವರ ಎಡಗೈ. ಮೊದಲ ದಿನದಿಂದ ತಮ್ಮ ವಿಷಯ ಬಂದಾಗಲೆಲ್ಲ ಅದು ಎದೆಗೆ ಹೋಗುತ್ತಿತ್ತು. ಅವರು ಆ ಪದವನ್ನು ಕೈಯಲ್ಲಿ ಹೇಳುತ್ತಲೇ ಇದ್ದರು, ನಾನೇ ಬೇರೆಡೆ ಹುಡುಕುತ್ತಿದ್ದೆ. ಕೋಲನ್ನು ಪಕ್ಕಕ್ಕಿಡಿಸಿದೆ. ಕಣಿವೆಯ ವಚನದ ಮೊದಲ ಪದಕ್ಕೆ ನೆಲ ತಟ್ಟುವ ಬದಲು ಎದೆ ತಟ್ಟಿಸಿದೆ. ಊಟ ಮಾಡುವವರು ಯಾರು? ಈ ಕನ್ನಡಕ ಹಾಕಿಕೊಳ್ಳುವವರು ಯಾರು? ಮೊದಲು ಬಂದವರು ಯಾರು? ಪ್ರತಿಯೊಂದಕ್ಕೂ ಕೈ ಎದೆಗೆ, ತುಟಿ ಕಣಿವೆಗೆ. ಮದುವೆಗೆ ಹೊರಡುವ ಹೊತ್ತಿಗೆ ಹೆಚ್ಚಿನ ಸಲ ಬರುತ್ತಿತ್ತು. ಪ್ರತಿ ಸಲವೂ ಅಲ್ಲ. ಇದನ್ನೂ ಮುಚ್ಚಿಡದೆ ಹೇಳಿದೆ.

ಮದುವೆ ನಡೆಸಿಕೊಡಲು ವಿಜಯವಾಡಕ್ಕೆ ಬರಲಿದ್ದ ಸಭಾಪಾಲಕರಿಗೆ ಒಂದು ವಿನಂತಿ ಮಾಡಿದ್ದೆ. “ಪ್ರಶ್ನೆ ಕೇಳಿದ ಮೇಲೆ ಕಣ್ಣನ್ನು ಪುಸ್ತಕದ ಮೇಲೆ ಇಳಿಸಿಬಿಡಿ. ಮತ್ತೆ ಕೇಳಬೇಡಿ. ಸಹಾಯ ಮಾಡಬೇಡಿ. ಸುಮ್ಮನಿರಿ.”

“ನನ್ನಂಥವನಿಗೆ ದೊಡ್ಡ ಶಿಕ್ಷೆ ಕೊಟ್ಟಿರಮ್ಮಾ,” ಎಂದಿದ್ದರು.

ವಿಜಯವಾಡದ ಬಿಸಿಲಿಗೆ ಚರ್ಚಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದರು. ಫ್ಯಾನುಗಳು ಬಿಸಿಗಾಳಿಯನ್ನೇ ಸುತ್ತಿಸುತ್ತಿದ್ದವು. ಮಗಳು ಬಿಳಿ ಸೀರೆಯಲ್ಲಿ ಅಪ್ಪನ ಎಡತೋಳು ಹಿಡಿದು ಬಂದಳು. ಕೋಲನ್ನು ಅವರು ಮನೆಯವರ ಬೆಂಚಿನಲ್ಲೇ ಬಿಟ್ಟಿದ್ದರು. ಅದನ್ನು ನಾನು ಹೇಳಿರಲಿಲ್ಲ.

ಪ್ರಶ್ನೆ ಬಂತು, ತೆಲುಗಿನಲ್ಲಿ. ಸಭಾಪಾಲಕರು ತಲೆ ತಗ್ಗಿಸಿದರು.

ಮೌನ ಎಷ್ಟು ಉದ್ದವಿರಬಹುದೆಂದು ನನ್ನ ವೃತ್ತಿಯವರಿಗೆ ಗೊತ್ತಿರುತ್ತದೆ. ಗಂಡಿನ ಕಡೆಯವರಿಗೆ ಗೊತ್ತಿರಲಿಲ್ಲ. ಯಾರೋ ಕೆಮ್ಮಿದರು. ಬೆಂಚುಗಳಲ್ಲಿ ತಲೆಗಳು ಅತ್ತಿತ್ತ ತಿರುಗಿದವು. ಕಾಕಾ ಅರ್ಧ ಎದ್ದರು. ಹೆಂಡತಿ ಅವರ ಅಂಗಿಯ ತುದಿ ಹಿಡಿದು ಕೆಳಗೆ ಎಳೆದರು, ಇನ್ನೊಂದು ಕೈಯಲ್ಲಿ ಸೆರಗು ಬಾಯಿಗೊತ್ತಿಕೊಂಡು. ನನಗೆ ಮುಂದೆ ನಿಂತಿದ್ದ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮಗಳು ತನ್ನ ಹಿಡಿತ ಸಡಿಲಿಸಿದಳು. ಎಡಗೈ ಬಿಡುಗಡೆಯಾಗಿ ಮೇಲೆದ್ದಿತು.

“ನಾನು.”

ಇಷ್ಟೇ ನಾವು ಕಲಿತದ್ದು. ಸಭಾಪಾಲಕರು ತಲೆಯೆತ್ತಿ ಮುಂದಿನ ಸಾಲಿಗೆ ಬಾಯಿ ತೆರೆದರು. ಆದರೆ ಆ ಕೈ ಎದೆಯಿಂದ ಇಳಿದು ಮಗಳ ಕೈಯನ್ನು ಮುಟ್ಟಿತು.

“ಅವಳ… ಅಪ್ಪ.”

ಈ ಎರಡು ಪದಗಳು ಕೀರ್ತನೆಯಲ್ಲಿಲ್ಲ. ನಾನು ಹೇಳಿಕೊಟ್ಟವಲ್ಲ. ಅವು ಅವರ ಸ್ವಂತ ಮಾತು. ಕನ್ನಡ ಬಾರದ ಗಂಡಿನ ಕಡೆಯವರಿಗೂ ಅರ್ಥವಾಯಿತು. ‘ಆಮೆನ್’ ಎಂದು ಮೊದಲು ಕೂಗಿದ್ದು ಆ ಕಡೆಯ ಬೆಂಚಿನಿಂದಲೇ. ಸಭಾಪಾಲಕರು ಕನ್ನಡಕ ತೆಗೆದು ಒರೆಸಿಕೊಳ್ಳುವವರೆಗೆ ಮದುವೆ ನಿಂತಿತು. ನಾನು ಬ್ಯಾಗಿನಿಂದ ಪುಟ್ಟ ಬೈಬಲ್ ತೆಗೆದು ಮಡಿಲಲ್ಲಿಟ್ಟುಕೊಂಡೆ. ತೆರೆಯಲಿಲ್ಲ. ಎಲ್ಲರ ಎದುರಿಗೆ ಅದು ಅಲ್ಲಿರಲಿ ಎನ್ನಿಸಿತು.

ಮರುದಿನ ಬೆಳಿಗ್ಗೆ ರೈಲಿಗೆ ಹೊರಡುವ ಮೊದಲು ಅತಿಥಿಗೃಹದ ಊಟದ ಕೋಣೆಗೆ ಇಳಿದೆ. ಅವರು ಒಬ್ಬರೇ ಕುಳಿತಿದ್ದರು. ನಾನು ಎದುರಿಗೆ ಕುಳಿತು, ಅಭ್ಯಾಸಬಲದಿಂದ ಲೋಟಕ್ಕೆ ನೀರು ತುಂಬಿ, ಕೊಡದೆ ಹಿಡಿದುಕೊಂಡು ಕಾದೆ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು, ಹುಬ್ಬು ಗಂಟಿಕ್ಕಿದರು.

“ಬ್ಯಾಡ,” ಎಂದರು. ಸ್ವಲ್ಪ ತಡೆದು, “ಕಾಫಿ.”

ಕೀರ್ತನೆಯಲ್ಲಿ ಕಾಫಿ ಇಲ್ಲ. ನಾನು ಎದ್ದು ಹೋಗಿ ತಂದೆ, ನೆಗ್ಗದ ಲೋಟವನ್ನು ಆರಿಸಿ.